ಊರಲ್ಲಿಲ್ಲದವರ ರಜೆ

ಅವನಿಗೆ ಲಿಫ್ಟಣ್ಣ ಅಂತ ಹೆಸರಿಟ್ಟದ್ದು ಪಕ್ಕದ ಮನೆಯ ಟೀಚರಮ್ಮ. ಆರಂತಸ್ತಿನ ಆ ಕಟ್ಟಡದ ನಾಲ್ಕನೇ ಮಹಡಿಗೆ ಅವನು ಹೆಂಡತಿಯ ಜೊತೆ ಬಾಡಿಗೆಗೆ ಬಂದ ದಿನ, ಸಾಮಾನು ಮೇಲೆ ಸಾಗಿಸುವ ಮೊದಲೇ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ನಿಂತುಬಿಟ್ಟಿದ್ದ. ಒಳಗೆ ಏನೋ ಕಿರುಗುಟ್ಟುತ್ತಿತ್ತು. ಮಂಚ, ಬೀರು, ಪಾತ್ರೆ ಎಲ್ಲವನ್ನೂ ರಸ್ತೆಯಲ್ಲೇ ಬಿಟ್ಟು ಎಣ್ಣೆ ಡಬ್ಬಿ ಹುಡುಕಿಕೊಂಡು ಹೋದ. ಹೆಂಡತಿ ಬೀರುವಿನ ಪಕ್ಕ ಕುರ್ಚಿ ಹಾಕಿಕೊಂಡು ಫುಟ್‌ಪಾತಿನಲ್ಲಿ ಮುಕ್ಕಾಲು ಗಂಟೆ ಕಾದಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಬೀರು ಮಾರಾಟಕ್ಕಿದೆಯಾ ಅಂತ ವಿಚಾರಿಸಿದರಂತೆ. "ಗಂಡನ ಸಮೇತ ತಗೊಂಡ್ರೆ ಕೊಡ್ತೀನಿ" ಅಂದಳಂತೆ.

ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಅವನಿಗೆ ಒಂಬತ್ತು ವರ್ಷದಿಂದ ಕೆಲಸ. ಊರಿನ ಕಟ್ಟಡಗಳ ನೆತ್ತಿಯಲ್ಲಿರುವ ಇಕ್ಕಟ್ಟಾದ ಯಂತ್ರದ ಕೋಣೆಗಳಲ್ಲಿ, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳ ನಡುವೆ ಅವನ ಹಗಲು ಕಳೆಯುತ್ತಿತ್ತು. ಹೆಂಡತಿ ಕನ್ನಡಕದ ಅಂಗಡಿಯಲ್ಲಿದ್ದಳು. ಗೋಡೆಯ ಮೇಲಿನ ಅಕ್ಷರಗಳ ಹಲಗೆಯ ಎದುರು ಗಿರಾಕಿಗಳನ್ನು ಕೂರಿಸಿ, ಒಂದಾದ ಮೇಲೊಂದು ಗಾಜು ಬದಲಿಸುತ್ತಾ, "ಈಗ ಕಾಣ್ತಿದೆಯಾ? ಇದರಲ್ಲಿ? ಮೊದಲನೇದು ಚೆನ್ನಾಗಿತ್ತಾ, ಇದಾ?" ಅಂತ ಬೆಳಗಿನಿಂದ ಸಂಜೆವರೆಗೆ ಕೇಳುವುದು ಅವಳ ಕೆಲಸ. ಅಂಗಡಿಗೆ ಮಂಗಳವಾರ ರಜೆ. ಅವನಿಗೆ ಭಾನುವಾರ ರಜೆಯೇನೋ ಇತ್ತು, ಆದರೆ ಜನ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುವುದೂ ಭಾನುವಾರವೇ. ಹೀಗಾಗಿ ಮದುವೆಯಾದ ಎಂಟು ತಿಂಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಒಂದು ಪೂರ್ತಿ ದಿನ ಮನೆಯಲ್ಲಿದ್ದದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಅವನಿಗೆ ಜ್ವರ.

ವರ್ಷದ ಕೊನೆಯ ರಜೆ ಹತ್ತಿರ ಬಂದಾಗ ಅವಳು ಪಟ್ಟು ಹಿಡಿದಳು. ಇಬ್ಬರೂ ಒಂಬತ್ತು ದಿನ ರಜೆ ಹಾಕಿದರು. ಸಮುದ್ರ ತೀರದ ಊರೊಂದಕ್ಕೆ ಆರು ದಿನದ ಪ್ರವಾಸ ಅಂತ ತೀರ್ಮಾನವಾಯಿತು. ಬಸ್ ಟಿಕೆಟನ್ನು ಅವಳೇ ಅಂಗಡಿಯ ಕಂಪ್ಯೂಟರಿನಲ್ಲಿ ಬುಕ್ ಮಾಡಿದಳು. ಸುದ್ದಿಯನ್ನೂ ಅವಳೇ ಹಬ್ಬಿಸಿದಳು. ತನ್ನ ಅಣ್ಣನ ಮನೆಯಿಂದ ದೊಡ್ಡ ಸೂಟ್‌ಕೇಸ್ ಎರವಲು ತಂದಳು. ಫ್ರಿಜ್ ಖಾಲಿ ಮಾಡಿದಳು. ಬಾಲ್ಕನಿಯ ಆರು ಕುಂಡಗಳಿಗೆ ನೀರು ಹಾಕಲಿ ಅಂತ ಮನೆಯ ಇನ್ನೊಂದು ಬೀಗದಕೈಯನ್ನು ಟೀಚರಮ್ಮನ ಕೈಗೆ ಕೊಟ್ಟಳು. ಶನಿವಾರ ಸಂಜೆ ಹೊರಟಾಗ ವಾಚ್‌ಮನ್ ಗೇಟಿನವರೆಗೂ ಸೂಟ್‌ಕೇಸ್ ಎಳೆದುಕೊಟ್ಟ, ಮೂರನೇ ಮಹಡಿಯವರು ಕಿಟಕಿಯಿಂದ ಕೈಬೀಸಿದರು.

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಟಿಕೆಟ್ ನೋಡಿದ, ಇವರ ಮುಖ ನೋಡಿದ, ಮತ್ತೆ ಟಿಕೆಟ್ ನೋಡಿದ.

"ತಾರೀಖೇನೋ ಸರಿ ಇದೆ. ತಿಂಗಳು ಮಾತ್ರ ಮುಂದಿನದು" ಅಂದ. "ಅರ್ಧ ಗಂಟೆ ಮುಂಚೆ ಬನ್ನಿ ಅಂದ್ರೆ ಯಾರೂ ಬರಲ್ಲ. ನೀವು ತಿಂಗಳು ಮುಂಚೆ ಬಂದಿದ್ದೀರ."

ಅವಳು ಟಿಕೆಟ್ ಕಸಿದುಕೊಂಡು ಓದಿದಳು. ದೀಪದ ಕೆಳಗೆ ಹಿಡಿದು ಇನ್ನೊಮ್ಮೆ ಓದಿದಳು. ಅಕ್ಷರಗಳೇನೂ ಸಣ್ಣವಾಗಿರಲಿಲ್ಲ. ಬೇರೆ ಬಸ್ಸುಗಳನ್ನು ವಿಚಾರಿಸಿದರೆ, ರಜೆಯ ಕಾಲ, ನಿಲ್ಲಲೂ ಜಾಗವಿಲ್ಲ. ಇಬ್ಬರೂ ಬೆಂಚಿನ ಮೇಲೆ ಕೂತರು.

"ಮನೆಗೆ ಹೋಗೋಣ" ಅಂದ ಅವನು.

"ನಾನು ಬರಲ್ಲ."

"ಯಾಕೆ?"

"ನಮ್ಮಣ್ಣ. ಏಳು ವರ್ಷದವಳಿದ್ದಾಗ ಟೀಗೆ ಉಪ್ಪು ಹಾಕಿದ್ದೆ. ಇವತ್ತಿಗೂ ನೆಂಟರ ಮುಂದೆ ಹೇಳ್ತಾನೆ. ಊರಿಗೆಲ್ಲ ಕಣ್ಣು ಕೊಡೋಳಿಗೆ ತನ್ನ ಕಣ್ಣೇ ಇಲ್ಲ ಅಂತ ಇನ್ನು ಸಾಯೋವರೆಗೂ ಹೇಳ್ತಾನೆ. ಅಂಗಡೀಲಿ ಗೊತ್ತಾದ್ರೆ ನನ್ನನ್ನೇ ಆ ಹಲಗೆ ಮುಂದೆ ಕೂರಿಸ್ತಾರೆ."

"ಹಾಗಾದ್ರೆ ಆರು ದಿನ ಈ ಬೆಂಚಲ್ಲೇ ಇರೋಣ. ಪಕ್ಕದಲ್ಲೇ ಶೌಚಾಲಯ ಇದೆ, ನೀರಿದೆ."

ಅವಳು ಟಿಕೆಟನ್ನು ಮಡಚಿ ಬ್ಯಾಗಿಗೆ ಸೇರಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಮನೆಗೇ ಹೋಗೋಣ. ಆದ್ರೆ ನಾವು ಊರಲ್ಲಿಲ್ಲ. ಆರು ದಿನ ಬಿಟ್ಟು ಸೂಟ್‌ಕೇಸ್ ಹಿಡ್ಕೊಂಡು ವಾಪಸ್ ಬಂದ್ರಾಯ್ತು."

ಅವನು ಒಪ್ಪಿದ. ಹೆಂಡತಿ ಬೆಂಚಿನ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಕೂತದ್ದನ್ನು ನೋಡಲಾಗದೆ ಒಪ್ಪಿದ ಅನ್ನುವುದು ನಿಜ. ಬಸ್ಸಿನಲ್ಲಿ ಕೂತರೆ ಅವನಿಗೆ ವಾಂತಿಯಾಗುತ್ತಿತ್ತು, ಅದನ್ನು ಹೆಂಡತಿಗೆ ಇನ್ನೂ ಹೇಳಿರಲಿಲ್ಲ ಅನ್ನುವುದೂ ನಿಜ.

ವಾಚ್‌ಮನ್ ಟೀ ಕುಡಿಯಲು ಹೋಗುವುದು ಏಳೂವರೆಗೆ. ಆ ಹೊತ್ತಿಗೆ ಹಿಂದಿನ ಬಾಗಿಲಿನಿಂದ ನುಗ್ಗಿದರು. ಲಿಫ್ಟ್ ಹತ್ತುವ ಹಾಗಿಲ್ಲ, ಯಾರಾದರೂ ಎದುರಾಗಬಹುದು. ಸೂಟ್‌ಕೇಸಿನ ಚಕ್ರ ಕಿರುಚುತ್ತಿದ್ದರಿಂದ ಅದನ್ನು ತಲೆಯ ಮೇಲೆ ಹೊತ್ತು ಅವನು ನಾಲ್ಕು ಮಹಡಿ ಹತ್ತಿದ. ಊರಿಗೆಲ್ಲ ಲಿಫ್ಟ್ ಹತ್ತಿಸುವವನು ಬಾಗಿಲು ತೆರೆದು ಒಳಗೆ ಬಿದ್ದಾಗ ನಾಯಿಯ ಹಾಗೆ ತೇಕುತ್ತಿದ್ದ.

ಭಾನುವಾರ ಹತ್ತು ಗಂಟೆಗೆ ಎದ್ದರು. ಇಬ್ಬರ ಫೋನೂ ಬಾಯಿ ಮುಚ್ಚಿತ್ತು. ಪರದೆಗಳನ್ನು ಎಳೆದಿದ್ದರಿಂದ ಕೋಣೆಯೊಳಗೆ ತೆಳುವಾದ ಹಳದಿ ಬೆಳಕು. ತಿನ್ನಲು ಪ್ರಯಾಣಕ್ಕೆಂದು ಕಟ್ಟಿಕೊಂಡಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ನಾಲ್ಕು ಪೊಟ್ಟಣ ಬಿಸ್ಕತ್ತು, ಬೀರುವಿನ ಮೂಲೆಯಲ್ಲಿ ಸಿಕ್ಕ ನೂಡಲ್ಸ್. ಅವಳು ಇಸ್ಪೀಟೆಲೆ ಹುಡುಕಿ ತೆಗೆದಳು. ಅವನು ಮೋಸ ಮಾಡುತ್ತಾನೆ ಅಂತ ಎಂಟು ತಿಂಗಳ ಮೇಲೆ ಗೊತ್ತಾಯಿತು. ಅವಳು ಅವನಿಗಿಂತ ಚೆನ್ನಾಗಿ ಮಾಡುತ್ತಾಳೆ ಅಂತ ಅವನಿಗೂ ಗೊತ್ತಾಯಿತು.

ಎಲ್ಲ ಮಾತೂ ಪಿಸುಮಾತಿನಲ್ಲೇ. ಗೋಡೆಯಾಚೆ ಟೀಚರಮ್ಮನ ಮನೆ, ರಜೆಗೆ ಬಂದ ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಸೇರಿ ಅಲ್ಲಿ ಸಂತೆ ನೆರೆದಿತ್ತು. ಮಧ್ಯಾಹ್ನ ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದದ್ದಕ್ಕೆ ಅವಳಿಗೆ ಸಿಟ್ಟು ಬಂತು. "ಎಷ್ಟು ಸಲ ಹೇಳಿದ್ದೀನಿ ನಿನಗೆ" ಅಂತ ಪಿಸುಗುಟ್ಟಿದಳು. "ಏನು? ಕೇಳಿಸ್ಲಿಲ್ಲ" ಅಂತ ಅವನೂ ಪಿಸುಗುಟ್ಟಿದ. ಅವಳು ಹತ್ತಿರ ಬಂದು ಅವನ ಕಿವಿಗೆ ಬಾಯಿಟ್ಟು ಮತ್ತೆ ಬೈಯಬೇಕಾಯಿತು. ಕಿವಿಯಲ್ಲಿ ಬೈದರೆ ಕಚಗುಳಿಯಾಗುತ್ತದೆ. ಅವನು ನಕ್ಕ, ಅವಳಿಗೂ ನಗು ತಡೆಯಲಿಲ್ಲ, ಇಬ್ಬರೂ ದಿಂಬಿಗೆ ಮುಖ ಒತ್ತಿಕೊಂಡರು.

ಸಂಜೆ ಅವನ ಅಮ್ಮನ ಫೋನು ಬಂತು. ಅಮ್ಮ ಹುಟ್ಟಿದಾಗಿನಿಂದ ಸಮುದ್ರ ನೋಡಿದವಳಲ್ಲ.

"ಸಮುದ್ರದ ಸದ್ದು ಕೇಳಿಸೋ ಸ್ವಲ್ಪ" ಅಂದಳು.

ಅವನು ಬಚ್ಚಲಿಗೆ ಓಡಿದ. ಹೆಂಡತಿ ಬಕೆಟ್ಟಿನಲ್ಲಿ ಚೊಂಬು ಅದ್ದಿ, ಎತ್ತಿ, ಮೆಲ್ಲಗೆ ಸುರಿದಳು. ಮತ್ತೆ ಅದ್ದಿದಳು.

"ಬಹಳ ಶಾಂತವಾಗಿದೆಯಲ್ಲೋ" ಅಂದಳು ಅಮ್ಮ. ತುಸು ತಡೆದು, "ಅಲ್ಲೂ ನಲ್ಲಿ ಸೋರುತ್ತಾ?" ಅಂತಲೂ ಕೇಳಿದಳು.

ಅಮ್ಮನಿಗೆ ಸುಳ್ಳು ಹೇಳಿದ್ದಕ್ಕೆ ಅವನ ಮನಸ್ಸು ಚುರುಕ್ಕೆಂದಿತು. ಹೆಂಡತಿಯದೂ.

ಸೋಮವಾರ ಹನ್ನೊಂದು ಗಂಟೆಗೆ ಬಾಗಿಲಿನಲ್ಲಿ ಬೀಗದಕೈ ತಿರುಗಿದ ಸದ್ದಾಯಿತು. ಟೀಚರಮ್ಮನಿಗೆ ಬೀಗದಕೈ ಕೊಟ್ಟದ್ದು ಇಬ್ಬರಿಗೂ ಮರೆತೇ ಹೋಗಿತ್ತು. ಅವನು ಮಂಚದ ಕೆಳಗೆ ತೂರಿದ, ಅವಳು ಬೀರುವಿನೊಳಗೆ ಕೋಟುಗಳ ನಡುವೆ ಸೇರಿಕೊಂಡಳು.

ಟೀಚರಮ್ಮ ಮೂವತ್ತೆರಡು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಎರಡು ನಿಮಿಷದಲ್ಲಿ ಗಿಡಗಳಿಗೆ ನೀರು ಹಾಕಿ ಮುಗಿಸಿದರು. ಆದರೆ ಹೋಗಲಿಲ್ಲ. ಮಂಚದ ಕೆಳಗಿಂದ ಅವನಿಗೆ ಕಾಣುತ್ತಿದ್ದದ್ದು ಅವರ ಪಾದಗಳು ಮಾತ್ರ. ಪಾದಗಳು ಕಿಟಕಿಯ ಪಕ್ಕದ ಕುರ್ಚಿಗೆ ಬಂದವು, ಚಪ್ಪಲಿ ಕಳಚಿದವು, ಸ್ಟೂಲಿನ ಮೇಲೆ ಏರಿದವು. "ಅಬ್ಬ" ಅಂತ ಒಂದು ಉಸಿರು. ಆಮೇಲೆ ಬ್ಯಾಗಿನ ಜಿಪ್ಪು, ಹಾಳೆ ಬಿಚ್ಚಿದ ಚರಚರ ಸದ್ದು. ಸಕ್ಕರೆ ಕಾಯಿಲೆಯ ಟೀಚರಮ್ಮ ಚಾಕೊಲೇಟ್ ತಿನ್ನುತ್ತಿದ್ದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು.

"ಹ್ಞೂ, ಇಲ್ಲೇ ಇದ್ದೀನಿ. ಗಿಡ ಪೂರ್ತಿ ಒಣಗಿಹೋಗಿವೆ, ಪಾಪ. ಒಂದೊಂದಕ್ಕೂ ನಿಧಾನವಾಗಿ ನೀರುಣಿಸಬೇಕು. ಇನ್ನೂ ಹೊತ್ತಾಗುತ್ತೆ, ನೀವು ಊಟ ಶುರುಮಾಡಿ" ಅಂದರು.

ನಲವತ್ತು ನಿಮಿಷ ಸುಮ್ಮನೆ ಕೂತಿದ್ದು, ನಿಟ್ಟುಸಿರು ಬಿಟ್ಟು, ಎದ್ದು ಹೋದರು. ಬೀರುವಿನಿಂದ ಹೊರಬಿದ್ದ ಹೆಂಡತಿಯ ಮುಖ ಕೆಂಪಾಗಿತ್ತು. "ಇವರೂ ನಮ್ಮ ಹಾಗೇ ಊರು ಬಿಟ್ಟಿದ್ದಾರಲ್ಲೋ" ಅಂದಳು.

ಮಂಗಳವಾರವೂ ಟೀಚರಮ್ಮ ಬಂದರು. ಬುಧವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಇವರಿಬ್ಬರೂ ತಂತಮ್ಮ ಜಾಗದಲ್ಲಿ ತಯಾರಾಗಿದ್ದರು. ಅವನು ಮಂಚದ ಕೆಳಗೆ ಚಾಪೆ ಹಾಸಿಕೊಂಡಿದ್ದ, ಅವಳು ಬೀರುವಿನೊಳಗೆ ಸಣ್ಣ ಸ್ಟೂಲ್ ಇಟ್ಟುಕೊಂಡಿದ್ದಳು. ಟೀಚರಮ್ಮನ ಬೆನ್ನಿಗಿರಲಿ ಅಂತ ಕುರ್ಚಿಯ ಮೇಲೆ ಒಂದು ದಿಂಬನ್ನೂ ಇಟ್ಟಿದ್ದಳು. ಹಾಗೆ ಇಡಬಾರದು ಅಂತ ಅವನು, ವಯಸ್ಸಾದವರು ಅಂತ ಅವಳು, ಬೆಳಿಗ್ಗೆಯಿಂದ ಪಿಸುಪಿಸು ವಾದ ನಡೆದಿತ್ತು. ಟೀಚರಮ್ಮ ದಿಂಬಿಗೆ ಆರಾಮಾಗಿ ಒರಗಿದರು. ಹೋಗುವಾಗ ಬಾಲ್ಕನಿಯಲ್ಲಿ ಬಗ್ಗಿ ಗಿಡಗಳಿಗೆ ಹೇಳಿದರು: "ನಾಳೆಯಿಂದ ನಿಮಗೆ ನೀರು ಕಡಿಮೆ. ಇಬ್ಬಿಬ್ಬರು ಹಾಕಿದ್ರೆ ಬೇರು ಕೊಳೆಯುತ್ತೆ."

ಬಾಗಿಲು ಮುಚ್ಚಿಕೊಂಡಿತು. ಇಬ್ಬರೂ ಮುಖ ಮುಖ ನೋಡಿಕೊಂಡರು.

"ನೀನೂ ಹಾಕಿದ್ಯಾ ನೀರು?" ಅಂದ ಅವನು.

"ದಿನಾ ಕತ್ತಲಾದ ಮೇಲೆ. ಒಣಗಿಹೋಗಿವೆ ಅಂತ ಅವರೇ ಅಂದ್ರಲ್ಲ."

ಟೀಚರಮ್ಮನಿಗೆ ಗೊತ್ತಾಗಿದೆ ಅಂತ ಅವಳು, ಸುಮ್ಮನೆ ಅಂದಿದ್ದಾರೆ ಅಂತ ಅವನು. ತೀರ್ಪು ಸಿಗದೆ ರಾತ್ರಿ ಕೊನೆಯ ನೂಡಲ್ಸ್ ತಿಂದು ಮಲಗಿದರು.

ಗುರುವಾರ ಹನ್ನೊಂದಾಯಿತು, ಟೀಚರಮ್ಮ ಬರಲಿಲ್ಲ. ಹನ್ನೊಂದೂಕಾಲಾಯಿತು. ಆಗ ಹೊರಗೆ ಲಿಫ್ಟಿನ ಗಂಟೆ ಬಡಿಯತೊಡಗಿತು. ಒಳಗೆ ಸಿಕ್ಕಿಕೊಂಡವರು ಒತ್ತುವ ಗಂಟೆ ಅದು. ಮಂಚದ ಕೆಳಗಿದ್ದವನು ತಲೆ ಎತ್ತಿ ಹಲಗೆಗೆ ಬಡಿಸಿಕೊಂಡ.

ಮೆಟ್ಟಿಲಿನಲ್ಲಿ ಜನ ಓಡಾಡುವ ಸದ್ದು. "ಅಮ್ಮಾ, ಹೆದರ್ಬೇಡಿ" ಅನ್ನುವ ದನಿ ಟೀಚರಮ್ಮನ ಹಿರಿಯ ಮಗನದು. ವಾಚ್‌ಮನ್ ಹೇಳುತ್ತಿದ್ದ: "ಕಂಪನಿಗೆ ಫೋನ್ ಮಾಡ್ದೆ. ಎಲ್ಲರೂ ರಜೆ ಮೇಲಿದ್ದಾರಂತೆ, ಬರೋಕೆ ಮೂರು ಗಂಟೆ ಆಗುತ್ತಂತೆ. ನಮ್ಮ ಲಿಫ್ಟಣ್ಣ ಇದ್ದಿದ್ರೆ ಹತ್ತು ನಿಮಿಷದ ಕೆಲಸ."

ಅವನು ಮಂಚದ ಕೆಳಗಿಂದ ಹೊರಬಂದ. ಕೋಣೆಯಲ್ಲಿ ಒಂದು ಸುತ್ತು ಹಾಕಿದ, ಬಾಗಿಲ ಹತ್ತಿರ ಹೋದ, ವಾಪಸ್ ಬಂದ. ಬೀರುವಿನ ಬಾಗಿಲು ತೆರೆಯಿತು.

"ಯಾಕೆ ನಿಂತೆ? ಹೋಗು" ಅಂದಳು ಅವಳು.

"ಹೋದ್ರೆ ಎಲ್ಲ ಗೊತ್ತಾಗುತ್ತೆ. ನಿಮ್ಮಣ್ಣ, ನಿನ್ನ ಅಂಗಡಿ..."

"ಅರವತ್ತೈದು ವರ್ಷದವರು ಅದರೊಳಗಿದ್ದಾರೆ. ನಮ್ಮಣ್ಣ ಏನು ಬೇಕಾದ್ರೂ ಹೇಳ್ಕೊಳ್ಳಲಿ."

ಪಟ್ಟೆ ಪೈಜಾಮ, ತೂತಾದ ಬನಿಯನ್ನು, ಕೈಯಲ್ಲಿ ಉಪಕರಣಗಳ ಚೀಲ. ಐದು ದಿನದಿಂದ ಬೀಗ ಹಾಕಿದ್ದ ಮನೆಯ ಬಾಗಿಲು ತೆರೆದು ಅವನು ಹೊರಗೆ ಬಂದಾಗ ಮೆಟ್ಟಿಲಿನಲ್ಲಿದ್ದ ಅಷ್ಟೂ ಜನ ಒಟ್ಟಿಗೆ ತಿರುಗಿ ನೋಡಿದರು.

"ನೀವು ಸಮುದ್ರಕ್ಕೆ ಹೋಗಿದ್ರಲ್ವಾ?" ಅಂದ ವಾಚ್‌ಮನ್.

"ಆಮೇಲೆ ಹೇಳ್ತೀನಿ" ಅಂತ ಹೇಳಿ ಅವನು ಲಿಫ್ಟಿನ ಬಾಗಿಲ ಸಂದಿಗೆ ಬಾಯಿಟ್ಟ. ಲಿಫ್ಟು ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿತ್ತು. "ಟೀಚರಮ್ಮ, ನಾನು. ಹೇಗಿದ್ದೀರ?"

"ಓ, ನೀನಾ?" ಕೆಳಗಿನಿಂದ ಶಾಂತವಾದ ದನಿ ಬಂತು. "ಸಮುದ್ರ ಹೇಗಿದೆ?"

"ಚೆನ್ನಾಗಿದೆ. ನಿಮಗೆ ಉಸಿರಾಟಕ್ಕೆ ಏನೂ ತೊಂದರೆ ಇಲ್ವಾ?"

"ಏನಿಲ್ಲಪ್ಪ. ನೆಲದ ಮೇಲೆ ಕೂತಿದ್ದೀನಿ. ಇಲ್ಲಿ ಯಾರೂ ಮಾತಾಡ್ತಿಲ್ಲ, ಹಾಯಾಗಿದೆ. ಅವಸರ ಮಾಡ್ಬೇಡ."

ಅವನು ಛಾವಣಿಯ ಯಂತ್ರದ ಕೋಣೆಗೆ ಓಡಿದ. ಕರೆಂಟ್ ಕಟ್ ಮಾಡಿ, ಬ್ರೇಕು ಸಡಿಲಿಸಿ, ದೊಡ್ಡ ಚಕ್ರವನ್ನು ಕೈಯಿಂದಲೇ ಒಂದಿಷ್ಟೊಂದಿಷ್ಟೇ ತಿರುಗಿಸಬೇಕು. ಲಿಫ್ಟು ಮಹಡಿಯ ಮಟ್ಟಕ್ಕೆ ಬಂತೋ ಇಲ್ಲವೋ ಅಂತ ಕೆಳಗೊಬ್ಬರು ನೋಡಿ ಫೋನಿನಲ್ಲಿ ಹೇಳಬೇಕು. ಆ ಕೆಲಸ ಹಿರಿಯ ಮಗ ವಹಿಸಿಕೊಂಡಿದ್ದ. ಅವನು ಬ್ಯಾಂಕ್ ಮ್ಯಾನೇಜರು, ಅಮ್ಮ ಸಿಕ್ಕಿಕೊಂಡಿದ್ದಾಳೆ ಅನ್ನುವ ಗಾಬರಿ ಬೇರೆ. "ಮೇಲೆ... ಅಲ್ಲ, ಕೆಳಗೆ... ತಡೀರಿ, ಅದು ನೆರಳು" ಅನ್ನುತ್ತಿದ್ದ. ಅದನ್ನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡ ಅವಳಿಗೆ ತಡೆಯಲಾಗಲಿಲ್ಲ. ಕೆದರಿದ ಕೂದಲಿನಲ್ಲೇ ಹೊರಬಂದು ಫೋನ್ ಕೈಗೆ ತಗೊಂಡಳು. ಲಿಫ್ಟಿನ ಬಾಗಿಲಿನ ಸಣ್ಣ ಗಾಜಿಗೆ ಒಂದು ಕಣ್ಣು ಹಚ್ಚಿದಳು.

"ಎರಡು ಗೇಣು ಮೇಲೆ ಬರಬೇಕು. ಇನ್ನೂ ಒಂದು. ನಿಧಾನ. ನಾಲ್ಕು ಬೆರಳು. ಎರಡು. ನಿಲ್ಸು."

ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವನು ಕೆಳಗಿಳಿದು ಬಂದು ಬಾಗಿಲು ತೆರೆದಾಗ ಟೀಚರಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗಿಡಕ್ಕೆ ಗೊಬ್ಬರ ತರುತ್ತೇನೆ ಅಂತ ಹೇಳಿ ಕೆಳಗಿನ ಅಂಗಡಿಗೆ ಹೋಗಿದ್ದರಂತೆ. ಸೊಸೆಯಂದಿರು ಕೈಹಿಡಿದು ಎಬ್ಬಿಸಿದರು. ಅವನು ಬಗ್ಗಿ ಲಿಫ್ಟಿನ ಬಾಗಿಲು ಜಾರುವ ಹಳಿಯಲ್ಲಿ ಬೆರಳಾಡಿಸಿದ. ಬೆಳ್ಳಿ ಬಣ್ಣದ ಹಾಳೆಯೊಂದು ಉಂಡೆಯಾಗಿ ಸಿಕ್ಕಿಕೊಂಡಿತ್ತು. ಅದರಿಂದ ಮುಚ್ಚಿದ ಬಾಗಿಲು ನಡುವೆ ತುಸು ಸಡಿಲಗೊಂಡು ಲಿಫ್ಟು ಅರ್ಧ ದಾರಿಯಲ್ಲಿ ನಿಂತಿತ್ತು. ಹಾಳೆಯಲ್ಲಿ ಇನ್ನೂ ಚಾಕೊಲೇಟಿನ ವಾಸನೆಯಿತ್ತು.

"ಏನದು?" ಅಂತ ಹಿರಿಯ ಮಗ ಕೇಳಿದ.

"ಕಸ" ಅಂತ ಹೇಳಿ ಅವನು ಅದನ್ನು ಪೈಜಾಮದ ಜೇಬಿಗೆ ಸೇರಿಸಿದ. ಟೀಚರಮ್ಮ ಛಾವಣಿ ನೋಡುತ್ತಿದ್ದರು.

ಆಮೇಲೆ ಎಲ್ಲರೂ ಇವರತ್ತ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡ. "ಅದು ಏನಾಯ್ತಂದ್ರೆ, ಟಿಕೆಟ್ ಬುಕ್ ಮಾಡುವಾಗ ನಾನು..."

"ಇವರಲ್ಲ, ನಾನು" ಅಂದಳು ಹೆಂಡತಿ. ನಾಲ್ಕು ಜನರ ಮುಂದೆ ಮಾತ್ರ ಅವಳು ಅವನನ್ನು ಇವರು ಅನ್ನುತ್ತಿದ್ದಳು. "ಮುಂದಿನ ತಿಂಗಳ ಟಿಕೆಟ್ ತಗೊಂಡಿದ್ದೆ. ನಾಚಿಕೆಯಾಗಿ ಮನೇಲೇ ಬಚ್ಚಿಟ್ಕೊಂಡಿದ್ವಿ. ಮೊಟ್ಟೆ ಶನಿವಾರವೇ ಬೇಯಿಸಿದ್ದು, ಎರಡು ದಿನದಿಂದ ಬರೀ ಬಿಸ್ಕತ್ತು ಮತ್ತೆ ನೂಡಲ್ಸು."

ಮೊದಲು ನಕ್ಕವನು ವಾಚ್‌ಮನ್. ಅವನು ಬಾಯಿಗೆ ಟೋಪಿ ಅಡ್ಡ ಹಿಡಿದುಕೊಂಡ. ಆಮೇಲೆ ಎಲ್ಲರೂ ನಕ್ಕರು. ನಗುವ ಜನದ ನಡುವೆ ನಿಂತಾಗ ಅವಳಿಗೆ ಆಶ್ಚರ್ಯವಾಯಿತು. ನಾಲ್ಕು ದಿನ ಬೀರುವಿನೊಳಗೆ ಕೂತು ಹೆದರಿಕೊಂಡಷ್ಟು ಏನೂ ಆಗಲಿಲ್ಲ. ಕಿರಿಯ ಸೊಸೆ ಅವಳ ಕೈಹಿಡಿದು ಟೀಚರಮ್ಮನ ಮನೆಯೊಳಗೆ ಕರೆದುಕೊಂಡು ಹೋಗಿ ಬಿಸಿ ಸೂಪು ಕೊಟ್ಟಳು. ಮದುವೆಯಾದ ವರ್ಷ ತಾನು ಸ್ಟುಡಿಯೋದಿಂದ ಬೇರೆಯವರ ಮದುವೆಯ ಆಲ್ಬಮ್ ಮನೆಗೆ ತಂದು, ಮೂರು ವಾರ ಯಾರಿಗೂ ಗೊತ್ತಾಗದೆ ಬಂದವರಿಗೆಲ್ಲ ತೋರಿಸಿದ್ದನ್ನು ಹೇಳಿದಳು. ಹಿರಿಯ ಮಗ ತನ್ನದೊಂದು ಹೇಳಿದ. ವಾಚ್‌ಮನ್ ಬಾಗಿಲಲ್ಲಿ ನಿಂತುಕೊಂಡೇ ಎರಡು ಹೇಳಿದ.

ಎಲ್ಲರೂ ಮಾತಿನಲ್ಲಿದ್ದಾಗ ಅವನು ಟೀಚರಮ್ಮನ ಪಕ್ಕ ಕೂತು ಮೆಲ್ಲಗೆ ಕೇಳಿದ: "ನಾವಿರೋದು ನಿಮಗೆ ಯಾವಾಗ ಗೊತ್ತಾಯ್ತು?"

"ಸೋಮವಾರವೇ. ಸಿಂಕಿನಲ್ಲಿ ಎರಡು ಲೋಟ ಒದ್ದೆಯಾಗಿದ್ವು. ಮನೇಲಿ ಯಾರೂ ಇಲ್ಲ, ಎರಡು ಲೋಟ ಒದ್ದೆ ಅಂದ್ರೆ ಉತ್ತರ ಎಷ್ಟು?"

"ಮತ್ತೆ ಸುಮ್ಮನಿದ್ರಲ್ಲ?"

"ನಿಮ್ಮನ್ನ ಎಬ್ಬಿಸಿದ್ರೆ ನಾನೆಲ್ಲಿ ಹೋಗಿ ಕೂರಲಿ?" ಅಂದರು ಟೀಚರಮ್ಮ. "ಮಕ್ಕಳು ಮೊಮ್ಮಕ್ಕಳು ಬಂದ್ರೆ ನನಗೆ ಸಂತೋಷವೇ ಕಣಪ್ಪ. ದಿನಕ್ಕೆ ಇಪ್ಪತ್ತಮೂರು ಗಂಟೆ ಇಪ್ಪತ್ತು ನಿಮಿಷ ಸಂತೋಷವಾಗಿರ್ತೀನಿ."

ಉಳಿದ ನಲವತ್ತು ನಿಮಿಷಕ್ಕೆ ಮಾರನೆಯ ದಿನದಿಂದ ಅವರು ರಾಜಾರೋಷವಾಗಿ ಬಂದು ಕೂತರು. ಇವರಿಬ್ಬರೂ ಆ ಹೊತ್ತಿಗೆ ತಾವಾಗಿಯೇ ಅಡುಗೆಮನೆಗೆ ಸರಿದು ತರಕಾರಿ ಹೆಚ್ಚುತ್ತಿದ್ದರು. ಚಾಕೊಲೇಟ್ ವಿಷಯದಲ್ಲಿ ಮಾತ್ರ ಹೆಂಡತಿ ಕಟ್ಟುನಿಟ್ಟು. ದಿನಕ್ಕೆ ಒಂದು ತುಂಡು, ಅದೂ ತನ್ನ ಕೈಯಿಂದಲೇ.

ಅಣ್ಣನಿಗೆ ಅವಳೇ ಫೋನ್ ಮಾಡಿ ಹೇಳಿದಳು. ಅವನು ಫೋನಿನಲ್ಲಿ ಪೂರ್ತಿ ಮೂರು ನಿಮಿಷ ನಕ್ಕ. ಉಪ್ಪಿನ ಟೀ ಕತೆಗೆ ಕೊನೆಗೂ ರಜೆ ಸಿಕ್ಕಿತು ಅಂದುಕೊಂಡು ಅವಳು ಫೋನಿಟ್ಟಳು. ಅಮ್ಮನಿಗೆ ಲಿಫ್ಟಣ್ಣ ಹೇಳಿದ. ಅಮ್ಮ ನಗಲಿಲ್ಲ. "ಚೊಂಬಿನ ಸದ್ದು ನನಗೆ ಗೊತ್ತಿಲ್ವೇನೋ, ನಿನ್ನನ್ನ ಮೀಯಿಸಿದೋಳು ನಾನು" ಅಂದಳು.

ರಜೆಯ ಕೊನೆಯ ದಿನ ಭಾನುವಾರ. ಅವತ್ತು ಇಬ್ಬರೂ ತಿಂಡಿ ತಿಂದು ರಸ್ತೆಗಿಳಿದು, ಮೊದಲು ಬಂದ ಸಿಟಿ ಬಸ್ಸಿನ ನಂಬರನ್ನೂ ನೋಡದೆ ಹತ್ತಿದರು. ಅವನು ಕಿಟಕಿ ಪಕ್ಕ ಕೂತು, ಬಸ್ಸಿನಲ್ಲಿ ತನಗೇನಾಗುತ್ತದೆ ಅಂತ ಕೊನೆಗೂ ಬಾಯಿಬಿಟ್ಟ. ಅವಳು ಬ್ಯಾಗಿನಿಂದ ನಿಂಬೆಹಣ್ಣು ತೆಗೆದು ಮೂಸಲು ಕೊಟ್ಟಳು. ಬಸ್ಸು ಊರಿನ ಅಂಚಿನವರೆಗೂ ಹೋಗಿ ಒಂದು ಮೈದಾನದ ಪಕ್ಕ ನಿಂತಿತು. ಅಲ್ಲಿ ತಲೆ ನರೆತ ಗಂಡಸರು ಫುಟ್ಬಾಲ್ ಆಡುತ್ತಿದ್ದರು. ಎಲ್ಲರೂ ಬಸ್ ಡಿಪೋದಿಂದ ನಿವೃತ್ತರಾದ ಡ್ರೈವರುಗಳು. ಒಂದು ತಂಡಕ್ಕೆ ಒಬ್ಬ ಕಡಿಮೆ ಬಿದ್ದಿದ್ದ.

"ಏನಪ್ಪಾ, ಗೋಲಿನಲ್ಲಿ ನಿಲ್ತೀಯಾ? ಏನೂ ಮಾಡೋದು ಬೇಡ, ಸುಮ್ಮನೆ ನಿಂತಿರು" ಅಂತ ಅವರಲ್ಲೊಬ್ಬ ಕರೆದ.

ಅವನು ಹೆಂಡತಿಯ ಮುಖ ನೋಡಿದ. ಅವಳು ಅವನ ಚಪ್ಪಲಿ ಇಸಿದುಕೊಂಡು ಹುಲ್ಲಿನ ಮೇಲೆ ಕೂತಳು. ಮೊದಲ ಗೋಲು ಅವನ ಕಾಲ ಸಂದಿಯಿಂದಲೇ ಹೋಯಿತು. ಎರಡನೆಯದಕ್ಕೆ ಅವನು ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು. "ಬಲಗಡೆ ನೋಡು, ಬಲಗಡೆ" ಅಂತ ಅವಳು ಮೈದಾನದ ಆಚೆ ತುದಿಗೂ ಕೇಳುವಂತೆ ಕೂಗಿದಳು. ಅವಳ ಬಲ ಅವನಿಗೆ ಎಡ ಅನ್ನುವುದು ಮೂರನೇ ಗೋಲಾದ ಮೇಲೆ ಇಬ್ಬರಿಗೂ ಹೊಳೆಯಿತು. ಬಿಸಿಲು ಇಳಿಯುವಷ್ಟರಲ್ಲಿ ಅವನ ತಂಡ ಏಳು ಗೋಲಿನಿಂದ ಸೋತಿತ್ತು. ಎದುರು ತಂಡದವರು ಅವನ ಬೆನ್ನು ತಟ್ಟಿ, ಇಂಥ ಒಳ್ಳೆ ಗೋಲ್‌ಕೀಪರನ್ನು ತಾವು ಕಂಡೇ ಇಲ್ಲ, ಮುಂದಿನ ಭಾನುವಾರವೂ ತಪ್ಪದೆ ಬರಬೇಕು ಅಂತ ಮಾತು ತಗೊಂಡರು.